ಅನಂತರಾಮಯ್ಯನವರ ತಂಪುಯಂತ್ರದ ಪದಕೋಶ

ಶಿಡ್ಲಘಟ್ಟದಿಂದ ಮೇಲೂರಿಗೆ ಹೋಗುವ ದಾರಿಯಲ್ಲಿ ಚೆನ್ನರಾಯಪ್ಪನವರ ರೇಷ್ಮೆ ಬಿತ್ತನೆ ಕೋಠಿಯಿತ್ತು. ಚಿಟ್ಟೆಗಳಿಂದ ಮೊಟ್ಟೆ ಇಡಿಸಿ, ಆ ಮೊಟ್ಟೆಯ ಹಾಳೆಗಳನ್ನು ರೈತರಿಗೆ ಮಾರುವುದು ಅಲ್ಲಿನ ಕಸುಬು. ಅನಂತರಾಮಯ್ಯ ಅಲ್ಲಿ ಗುಮಾಸ್ತರು. ಕನ್ನಡದೊಳಗೆ ಇಂಗ್ಲಿಷ್ ಪದ ಬಂದರೆ ಅವರಿಗೆ ಅನ್ನದಲ್ಲಿ ಕಲ್ಲು ಕಡಿದ ಹಾಗೆ. ಒಮ್ಮೆ ಚಿಂತಾಮಣಿ ಬಸ್ಸಿಗೆ ಅಡ್ಡ ನಿಂತು "ಚಾಲಕ ಮಹಾಶಯರೇ, ಸ್ಥಗಿತಗೊಳಿಸಿ" ಎಂದು ಕೂಗಿದ್ದರು. ಡ್ರೈವರು ಆಶೀರ್ವಾದವೆಂದು ತಿಳಿದು, ಕೈಮುಗಿದು ಪಕ್ಕದಿಂದ ಹೊರಟುಹೋಗಿದ್ದ.

ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಚೆನ್ನರಾಯಪ್ಪ ಒಂದು ತಂಪುಯಂತ್ರ ತರಿಸಿದರು. ಹೊತ್ತಿಗೆ ಮುಂಚೆ ಮೊಟ್ಟೆ ಒಡೆಯದಿರಲಿ ಎಂದು. ಬೆಂಗಳೂರಿನಿಂದ ಬಂದ ಫಿಟ್ಟರು ಕಂಪ್ರೆಸರ್, ಕಂಡೆನ್ಸರ್, ಇವಾಪೊರೇಟರ್ ಎಂದು ಬೆರಳಿಟ್ಟು ತೋರಿಸಿ ಒಂದೇ ಉಸಿರಿಗೆ ಹೇಳಿ ಸಂಜೆಯ ಬಸ್ಸು ಹಿಡಿದ.

"ಅಯ್ನೋರೆ, ಇದನ್ನ ಕನ್ನಡ ಮಾಡಿ ಗೋಡೆಗೆ ಅಂಟಿಸಿಬಿಡಿ. ನಮ್ಮ ಕೆಲಸದ ಹೆಂಗಸರಿಗೆ ತಿಳೀಬೇಕು" ಎಂದರು ಚೆನ್ನರಾಯಪ್ಪ.

ಅನಂತರಾಮಯ್ಯ ಮೂರು ದಿನ ನಿಘಂಟು ಜಾಲಾಡಿ, ಸಂಪೀಡಕ, ಸಾಂದ್ರಕ, ಬಾಷ್ಪಕ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದರು. ವಾರದೊಳಗೆ ಅವು ಹೆಂಗಸರ ಬಾಯಲ್ಲಿ ಪೀಡೆ, ಚಂದ್ರಕ್ಕ, ಬಸಪ್ಪ ಆಗಿದ್ದವು. ಅನಂತರಾಮಯ್ಯ ಎರಡು ಹೊತ್ತು ಊಟ ಬಿಟ್ಟರು.

ಅಕ್ಟೋಬರ್ ಮಳೆಗೆ ಕಚೇರಿಯ ಕಡತಗಳು ಮುಗ್ಗಲು ಹಿಡಿದವು. ಯಂತ್ರದ ಹಿಂಭಾಗದ ಕೊಳವೆಗಳು ಬೆಚ್ಚಗಿರುವುದನ್ನು ಕಂಡು ಅವರು ಕಟ್ಟುಗಳನ್ನೆಲ್ಲ ಅಲ್ಲಿಗೇ ಒತ್ತಾಗಿ ಪೇರಿಸಿದರು. ಮಳೆ ಹೊಳವಾಗಿ ಬಿಸಿಲು ಕಾದ ಮಧ್ಯಾಹ್ನ, ಯಂತ್ರ ನಿಲ್ಲದೆ ಗುರುಗುಟ್ಟಿದರೂ ಪೆಟ್ಟಿಗೆಯೊಳಗೆ ತಂಪಿಲ್ಲ. ಚೆನ್ನರಾಯಪ್ಪ ಊರಿನಲ್ಲಿರಲಿಲ್ಲ. ಅನಂತರಾಮಯ್ಯ ಗೋಡೆಯ ಮುಂದೆ ನಿಂತು ತಮ್ಮ ಪಟ್ಟಿಯನ್ನೇ ನಾಲ್ಕು ಸಲ ಓದಿದರು. ಹೆಸರೇನೋ ಇತ್ತು, ಯಾವುದು ಏನು ಮಾಡುತ್ತದೆಂಬುದು ಎಲ್ಲೂ ಇರಲಿಲ್ಲ. ಅವರಿಗೂ ಗೊತ್ತಿರಲಿಲ್ಲ.

ಮೊಟ್ಟೆ ಹಾಳೆ ನೋಡಿಕೊಳ್ಳುತ್ತಿದ್ದ ಸಾದಲಿಯ ಅಮ್ಮಾಜಮ್ಮ ಹಿಂದಕ್ಕೆ ಹೋಗಿ ಬಗ್ಗಿ ನೋಡಿದಳು. "ಅಯ್ಯೋ, ಚಂದ್ರಕ್ಕನ್ನ ಹಿಂಗೆ ಉಸಿರು ಕಟ್ಸಿದ್ರೆ ಹೆಂಗೆ ಸ್ವಾಮಿ?"

"ಅದು ಸಾಂದ್ರಕ!"

"ಏನೋ ಒಂದು. ಬಸಪ್ಪ ಒಳಗಿನ ಬಿಸಿ ಹೀರ್ಕೊತಾನೆ. ಪೀಡೆ ಅದನ್ನ ಅದುಮಿ ಹಿಂದಕ್ಕೆ ತಳ್ತದೆ. ಚಂದ್ರಕ್ಕ ಗಾಳಿಗೆ ಹಾಕ್ತಾಳೆ. ಬಿಸಿ ಹೊರೋ ಕೂಲಿ ಕಣ್ ಸ್ವಾಮಿ ಇದು. ಇಳಿಸೋ ಜಾಗದಲ್ಲಿ ನೀವು ಕಡತ ಪೇರ್ಸಿದೀರಿ."

"ನಿನಗೆ ಯಾರಮ್ಮ ಹೇಳಿಕೊಟ್ಟಿದ್ದು?"

"ಯಾರ್ ಹೇಳ್ಬೇಕು? ದಿನಾ ಒರೆಸ್ತೀನಲ್ಲ. ಒಳಗೆ ಮುಟ್ಟಿದ್ರೆ ತಣ್ಣಗೆ, ಹಿಂದೆ ಮುಟ್ಟಿದ್ರೆ ಸುಡ್ತದೆ."

ಇಬ್ಬರೂ ಸೇರಿ ಕಟ್ಟುಗಳನ್ನು ಹೊರಗೆ ಸಾಗಿಸಿದರು. ಎರಡು ಗಂಟೆಯಲ್ಲಿ ಪೆಟ್ಟಿಗೆ ತಣ್ಣಗಾಯಿತು. ಯಾರೂ ಇಲ್ಲದಾಗ ಅನಂತರಾಮಯ್ಯ ಒಂದು ಕೈ ಒಳಗೂ ಒಂದು ಕೈ ಹಿಂದೂ ಇಟ್ಟು ನೋಡಿ, ಮಗುವಿನಂತೆ ನಕ್ಕರು.

ಡಿಸೆಂಬರಿನ ಚಳಿಯಲ್ಲಿ ಇನ್ನೊಂದು ತಾಪತ್ರಯ. ಮರಿಯಾಗಬೇಕಾದ ಮೊಟ್ಟೆಗಳಿಗೆ ಕಾವು ಬೇಕು. ಇದ್ದಿಲು ಒಲೆಯ ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಅನಂತರಾಮಯ್ಯ ಎದ್ದು ಪಂಚೆ ಎತ್ತಿ ಕಟ್ಟಿದರು. "ಅಮ್ಮಾಜಮ್ಮ, ಆ ಹಾಳೆಗಳ ತಟ್ಟೆ ತಗೊಂಡು ಬಾ. ಯಂತ್ರದ ಹಿಂದೆ ಒಂದು ಮೊಳ ಬಿಟ್ಟು ಇಡಣ. ಒಳಗಿನ ಮೊಟ್ಟೆ ಬಿಟ್ಟ ಬಿಸಿ ಹೊರಗಿನ ಮೊಟ್ಟೆಗೆ ಆಗ್ಲಿ."

ಅಮ್ಮಾಜಮ್ಮ ಗಲ್ಲದ ಮೇಲೆ ಕೈಯಿಟ್ಟಳು. "ಪರವಾಗಿಲ್ವೇ!"

ದಿನಕ್ಕೆ ಹತ್ತು ಸಲ ಉಷ್ಣಮಾಪಕ ನೋಡುತ್ತ, ತಟ್ಟೆಯನ್ನು ಗೇಣುಗೇಣು ಸರಿಸುತ್ತ ಅವರು ಅಲ್ಲೇ ಬೀಡುಬಿಟ್ಟರು. ಹನ್ನೊಂದನೆಯ ದಿನ ಬೆಳಿಗ್ಗೆ ಹಾಳೆಯ ತುಂಬ ಕರಿ ಎಳ್ಳಿನಂಥ ಮರಿಗಳು ಮಿಸುಕಾಡುತ್ತಿದ್ದವು.

"ಹಿಂಗೆ ಕಾವು ಕೊಡೋದಕ್ಕೆ ಕನ್ನಡದಲ್ಲಿ ಏನಂತೀರಾ ಸ್ವಾಮಿ?" ಎಂದಳು ಅಮ್ಮಾಜಮ್ಮ.

"ಸುಮ್ನಿರಮ್ಮ, ಮೊದ್ಲು ಮರಿಗಳಿಗೆ ಎಳೇ ಸೊಪ್ಪು ಹೆಚ್ಚಿ ಹಾಕು" ಎಂದರು ಅನಂತರಾಮಯ್ಯ, ತಟ್ಟೆಯಿಂದ ಕಣ್ಣು ಕೀಳದೆ.