ಅತ್ತೆಯ ಬಲಗೈ, ನನ್ನ ಎಡಗೈ

ಮದುವೆಯಾಗಿ ಗೋಣಿಬೀಡಿನ ಹತ್ತಿರದ ಆ ಮನೆಗೆ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ನನ್ನ ಅತ್ತೆ ಹೆಚ್ಚು ಮಾತಿನವರಲ್ಲ. ನನ್ನನ್ನು ಬೈದದ್ದೂ ಇಲ್ಲ, ಹೊಗಳಿದ್ದೂ ಇಲ್ಲ. ಆದರೆ ಅವರ ಬಲಗೈಯ ಮೂರು ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚು, ಜಗಲಿಯಲ್ಲಿ ಬೆಂಚಿನ ಹಲಗೆ, ಮೂಡಿಗೆರೆ ಬಸ್ಸಿನಲ್ಲಿ ಮಡಿಲ ಮೇಲಿನ ಚೀಲ, ಏನಾದರೊಂದನ್ನು ಕುಟ್ಟುತ್ತಲೇ ಇರುತ್ತಿದ್ದರು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಒಂದರ ಹಿಂದೆ ಒಂದು. ಅದನ್ನು ನಾನು ಸಿಡುಕು ಎಂದೇ ತಿಳಿದಿದ್ದೆ. ಸಾರಿಗೆ ಉಪ್ಪು ಹೆಚ್ಚಾಯಿತೋ, ಕಾಫಿ ತಡವಾಯಿತೋ ಎಂದು ಆ ಬೆರಳುಗಳನ್ನು ನೋಡಿಯೇ ಹೆದರುತ್ತಿದ್ದೆ. ಹೀಗೆ ಆರು ವರ್ಷ ಹೆದರಿದೆ.

ತೊಂಬತ್ತರ ದಶಕದ ನಡುವೆ, ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಒಂದು ಬೆಳಿಗ್ಗೆ ಅತ್ತೆ ಬಚ್ಚಲ ಬಾಗಿಲಲ್ಲಿ ಕುಸಿದು ಕೂತರು. ಲಕ್ವ ಹೊಡೆದಿತ್ತು. ನನ್ನ ಗಂಡ ಜೀಪಿನಲ್ಲಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದರು. ಮೂರು ವಾರದ ಮೇಲೆ ಮನೆಗೆ ಬಂದಾಗ ಎಡಗಾಲು ಎಳೆಯುತ್ತಿತ್ತು, ಎಡಗೈ ಸೆರಗಿನೊಳಗೆ ಜೋತು ಬಿದ್ದಿತ್ತು. ಮಾತು ಸ್ವಲ್ಪ ತೊದಲುತ್ತಿದ್ದರೂ ಅರ್ಥವಾಗುತ್ತಿತ್ತು. ದಿನಾ ಎಣ್ಣೆ ಹಚ್ಚಿ ಕೈ ನೀವಬೇಕು, ಬೆರಳುಗಳನ್ನು ಮಡಿಸಿ ಬಿಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ಆ ಕೆಲಸ ನನ್ನದಾಯಿತು. ಹಾಗೆ, ಆರು ವರ್ಷದಲ್ಲಿ ಮೊದಲ ಸಲ ನಾನು ಅವರ ಕೈ ಹಿಡಿದೆ.

ಕೈಗೆ ಸುತ್ತಲು ಮೆತ್ತನೆಯ ಹಳೇ ಸೀರೆ ಬೇಕಾಗಿತ್ತು. ಅತ್ತೆ ತಮ್ಮ ಟ್ರಂಕಿನ ಬೀಗದ ಕೈ ಕೊಟ್ಟರು. ತಳದಲ್ಲಿದ್ದ ಒಂದು ನೀಲಿ ಸೀರೆಯನ್ನು ಎಳೆದರೆ ಭಾರವಾಗಿತ್ತು. ಬಿಡಿಸಿದೆ. ಒಳಗೆ ಒಂದು ಸಣ್ಣ ವಾದ್ಯ. ಕಂಜೀರದಷ್ಟು ಅಗಲದ ದುಂಡನೆಯ ಮೈ, ಅದರ ಸುತ್ತ ತುಕ್ಕು ಹಿಡಿದ ಕೊಕ್ಕೆಗಳು, ನಡುವೆ ಹರಿದುಹೋದ ಚರ್ಮ, ಒಂದು ಮೊಳ ಉದ್ದದ ಕತ್ತು. ಕತ್ತಿನ ಮೇಲೆ ಹಿತ್ತಾಳೆಯ ಅಡ್ಡಪಟ್ಟಿಗಳು. ತುದಿಯಲ್ಲಿ ನಾಲ್ಕು ಬಿರಡೆ. ತಂತಿ ಒಂದೂ ಇರಲಿಲ್ಲ.

"ಇದೆಂಥದು ಅತ್ತೆ?" ಎಂದು ಕೇಳಿದೆ.

"ಬಂಜಲೀಲೆ" ಎಂದರು. "ದೊರೆಸಾನಿ ಬ್ಯಾಂಜೊಲೆಲೆ ಅಂತಿದ್ರು. ನನ್ನ ಬಾಯಿಗೆ ಬರ್ತಿರ್ಲಿಲ್ಲ. ಇಲ್ಲಿ ಕೊಡು."

ಮಡಿಲಲ್ಲಿಟ್ಟೆ. ಅತ್ತೆ ಬಲಗೈಯನ್ನು ಹರಿದ ಚರ್ಮದ ಮೇಲೆ ತಂದರು. ಉಂಗುರದ ಬೆರಳು, ಕಿರುಬೆರಳು ಎರಡನ್ನೂ ಅಂಚಿಗೆ ಊರಿದರು. ಉಳಿದ ಮೂರು ಬೆರಳುಗಳು ಇಲ್ಲದ ತಂತಿಗಳನ್ನು ಮೀಟತೊಡಗಿದವು. ತಕಿಟ ತಕಿಟ ತಕ, ತಕಿಟ ತಕಿಟ ತಕ. ನಾನು ಆರು ವರ್ಷ ಹೆದರಿದ್ದ ಅದೇ ಕುಟ್ಟು. ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದವಳು ಹಾಗೆಯೇ ನೆಲದ ಮೇಲೆ ಕೂತುಬಿಟ್ಟೆ.

ಆ ದಿನ ಅವರು ಹೇಳಿದ್ದು ಇಷ್ಟು. ಅವರ ತಂದೆ ಕಳಸದ ಕಡೆ ಇಂಗ್ಲಿಷ್ ದೊರೆಯೊಬ್ಬರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ದೊರೆಯ ಹೆಂಡತಿಗೆ ಮಕ್ಕಳಿರಲಿಲ್ಲ, ಮಾತಿಗೆ ಜನವೂ ಇರಲಿಲ್ಲ. ರೈಟರ ಮಗಳನ್ನು ಮಧ್ಯಾಹ್ನದ ಹೊತ್ತು ಬಂಗಲೆಗೆ ಕರೆಸಿ ಈ ವಾದ್ಯ ಕಲಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಬೆರಳು ಹಿಡಿದೇ ಪಾಠ. ನಾಲ್ಕು ವರ್ಷ ಕಲಿಸಿ, ದೇಶ ಬಿಟ್ಟು ಹೋಗುವಾಗ ಅದನ್ನು ಹುಡುಗಿಗೇ ಕೊಟ್ಟು ಹೋದರು.

"ಮದುವೆಯಾಗಿ ಬಂದು ಒಂದು ವಾರಕ್ಕೆ ಜಗಲೀಲಿ ಬಾರಿಸ್ದೆ" ಎಂದರು ಅತ್ತೆ. "ನಿನ್ನ ಮಾವನ ಅಪ್ಪ ಬಂದು, ಇದು ನಾಟಕದ ಕಂಪನಿಯಾ ಅಂದ್ರು. ಅಷ್ಟೇ. ಮರುದಿನ ಸೀರೇಲಿ ಸುತ್ತಿಟ್ಟೆ."

"ಬೇಜಾರಾಗ್ಲಿಲ್ವಾ?"

"ಬೇಜಾರೆಂಥದು. ಬೆರಳು ನನ್ನ ಹತ್ರಾನೇ ಇತ್ತಲ್ಲ."

ಆ ಕುಟ್ಟನ್ನು ನಾನು ಸಿಟ್ಟು ಎಂದು ತಿಳಿದಿದ್ದೆ ಎಂದು ಹೇಳಿಬಿಟ್ಟೆ. ಅತ್ತೆ ನಕ್ಕರು. ಮುಖದ ಬಲಭಾಗ ಮಾತ್ರ ನಕ್ಕಿತು. ನಲವತ್ತು ವರ್ಷಕ್ಕೂ ಮೇಲೆ ತಟ್ಟೆ, ಬೆಂಚು, ಚೀಲಗಳ ಮೇಲೆ ಯಾರಿಗೂ ಕೇಳಿಸದ ಹಾಡುಗಳನ್ನು ಬಾರಿಸುತ್ತಾ ಬಂದ ಹೆಂಗಸಿನ ಎದುರು ನಾನು ಕೂತಿದ್ದೆ. ಎಡಗೈಗೆ ಎಣ್ಣೆ ಹಚ್ಚುವುದನ್ನು ಮುಂದುವರಿಸಿದೆ.

ಸಂಜೆ ನನ್ನ ಗಂಡನಿಗೆ ತೋರಿಸಿದಾಗ ಅವರು ಅಮ್ಮನನ್ನೂ ವಾದ್ಯವನ್ನೂ ಮೂರು ನಾಲ್ಕು ಸಲ ನೋಡಿದರು. "ಇದು ನಿಂಗೆ ಬರ್ತಿತ್ತಾ ಅಮ್ಮ?" ಎಂದು ಮಾತ್ರ ಕೇಳಿದರು. ಮುಂದಿನ ವಾರ ತಾವೇ ಅದನ್ನು ಕಳಸಕ್ಕೆ ಒಯ್ದರು. ಯಕ್ಷಗಾನದ ಮದ್ದಳೆಗಳಿಗೆ ಚರ್ಮ ಹಾಕುವವರೊಬ್ಬರು ಅಲ್ಲಿದ್ದರು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಮದ್ದಳೆಯಾ ವೀಣೆಯಾ ಮಾರಾಯ್ರೆ? ಯಾವುದು ಅಂತ ಹೇಳಿದ್ರೆ ನಂಗೂ ಕೆಲಸ ಸುಲಭ" ಎಂದರಂತೆ. ಆಡಿನ ತೆಳು ಚರ್ಮ ಬಿಗಿದು, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನು ಹಲಸಿನ ಚೂರಿನಿಂದ ಕೆತ್ತಿ ಕೊಟ್ಟರು. ಅದಕ್ಕೆ ಸರಿಯಾದ ತಂತಿ ಎಲ್ಲೂ ಸಿಗಲಿಲ್ಲ. ಮೀನು ಹಿಡಿಯುವ ನೈಲಾನ್ ದಾರ ತಂದೆವು, ನಾಲ್ಕು ಬೇರೆ ಬೇರೆ ದಪ್ಪದ್ದು.

ತಂತಿ ಕಟ್ಟಿದವಳು ನಾನು. ಬಣಕಲ್ಲಿನ ತವರಿನಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸುವಷ್ಟು ಕಲಿತಿದ್ದೆ. ಬೇರೆ ತಂತಿವಾದ್ಯಗಳಲ್ಲಿ ನೋಡಿದ್ದಂತೆ ದಪ್ಪ ದಾರವನ್ನು ಮೇಲಕ್ಕೆ, ಸಣ್ಣದನ್ನು ಕೆಳಕ್ಕೆ ವರಸೆಯಾಗಿ ಕಟ್ಟಿದೆ. ಅತ್ತೆ ಒಂದು ಸಲ ಮೀಟಿ ತಲೆಯಾಡಿಸಿದರು.

"ಹಂಗಲ್ಲ. ಹೆಬ್ಬೆಟ್ಟಿನ ತಂತಿ ಸಣ್ಣದಾಗ್ಬೇಕು."

"ಅದು ಮೇಲಿನದಲ್ವಾ ಅತ್ತೆ, ದಪ್ಪ ಬೇಕಲ್ವಾ?"

"ಸಣ್ಣದು ಕಟ್ಟಿ ನೋಡು ಮಾರಾಯ್ತಿ."

ಅವರು ನಾಲ್ಕು ಸ್ವರಗಳನ್ನು ಗುನುಗಿದರು. ಹಾರ್ಮೋನಿಯಂನಲ್ಲಿ ಹುಡುಕಿ ನೋಡಿದರೆ ಪ, ಸ, ಗ, ದ. ಮೊದಲು ಮೇಲೆ, ಆಮೇಲೆ ಕೆಳಗಿಳಿದು ಮತ್ತೆ ಹತ್ತುವುದು. ಹೆಬ್ಬೆರಳಿಗೆ ಎಲ್ಲಕ್ಕಿಂತ ಹತ್ತಿರದ ತಂತಿ ಪಂಚಮ. ಯಾಕೆ ಹೀಗೆ ಎಂದು ನನಗೆ ಆಗ ತಿಳಿಯಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದೆ.

ಮರುದಿನ ಮಧ್ಯಾಹ್ನ ಕಣದ ಎದುರಿನ ಬೆಂಚಿನ ಮೇಲೆ ಕೂತೆವು. ಕಣದಲ್ಲಿ ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗುತ್ತಿತ್ತು. ಅತ್ತೆ ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ತಮ್ಮ ಎಡಕ್ಕೆ ಕೂರಿಸಿಕೊಂಡರು. ಅದರ ಕತ್ತು ನನ್ನ ಎದೆಯ ಮುಂದೆ ಬಂತು.

"ನಿನ್ನ ಎಡಗೈ ಕೊಡು" ಎಂದರು. "ನಂದು ಸತ್ತೋಗಿದೆ."

ಒಂದು ತಂತಿಯ ಮೇಲೆ, ಮೂರನೇ ಪಟ್ಟಿಯ ಹಿಂದೆ ಒತ್ತಿ ಹಿಡಿಯಲು ಹೇಳಿದರು. "ನಾನು ಹೇಳೋವರೆಗೂ ಬಿಡ್ಬೇಡ." ಹಿಡಿದೆ. ಅವರ ಮೂರು ಬೆರಳು ಶುರುವಾದವು.

ಆ ಮೊದಲ ಸದ್ದನ್ನು ಹೇಗೆ ಹೇಳಲಿ. ನಾನು ಕೇಳಿದ್ದ ಸಂಗೀತದಲ್ಲೆಲ್ಲ ಒಂದು ಸ್ವರ ಮುಗಿದ ಮೇಲೆ ಇನ್ನೊಂದು ಬರುತ್ತಿತ್ತು. ಇದರಲ್ಲಿ ಸ್ವರಗಳು ಸಣ್ಣ ಸಣ್ಣ ಹನಿಗಳಾಗಿ ಎಲ್ಲ ಕಡೆಯಿಂದ ಒಟ್ಟಿಗೇ ಬೀಳುತ್ತಿದ್ದವು. ಚರ್ಮದ ಮೇಲೆ ಕೂತ ತಂತಿಯಾದ್ದರಿಂದ ಪ್ರತಿಯೊಂದು ಸ್ವರವೂ ಟಣ್ಣೆಂದು ಹುಟ್ಟಿ ತಕ್ಷಣ ಆರುತ್ತಿತ್ತು. ಹೆಬ್ಬೆರಳು ಹೋದಲ್ಲೆಲ್ಲ ಹೋಗಿ ಮತ್ತೆ ಆ ಪಂಚಮಕ್ಕೇ ಬರುತ್ತಿತ್ತು. ಭಜನೆಯಲ್ಲಿ ಶ್ರುತಿಪೆಟ್ಟಿಗೆ ಮಾಡುವ ಕೆಲಸವನ್ನು ಇಲ್ಲಿ ಆ ಒಂದು ಸಣ್ಣ ತಂತಿ, ಉಳಿದೆಲ್ಲದರ ಮೇಲೆ ಕೇಳುವ ಎತ್ತರದ ದನಿಯಲ್ಲಿ, ಮಾಡುತ್ತಿತ್ತು. ಯಾಕೆ ಸಣ್ಣದು ಬೇಕು ಎಂದು ಆಗ ಗೊತ್ತಾಯಿತು. ಸ್ವಲ್ಪ ಹೊತ್ತಿನಲ್ಲಿ ಆ ಹನಿಗಳ ನಡುವೆ ನನಗೆ ಗೊತ್ತಿದ್ದ ಒಂದು ಸೋಬಾನೆ ಪದದ ಧಾಟಿ ಕಾಣಿಸತೊಡಗಿತು. ಯಾವ ಬೆರಳು ಅದನ್ನು ನುಡಿಸುತ್ತಿದೆ ಎಂದು ಕಣ್ಣಿಟ್ಟು ನೋಡಿದೆ. ಯಾವುದೂ ಅಲ್ಲ. ಮೂರರಲ್ಲೂ ಚೂರು ಚೂರು ಇತ್ತು. ಜೋಡಿಸುತ್ತಿದ್ದದ್ದು ನನ್ನ ಕಿವಿ. ಒತ್ತಿದ್ದ ಬೆರಳು ಉರಿಯುತ್ತಿದ್ದರೂ ಬಿಡಲಿಲ್ಲ.

ದೊರೆಸಾನಿ ಕಲಿಸಿದ್ದು ಮೂರೇ ಹಾಡು. ಉಳಿದವೆಲ್ಲ ಅತ್ತೆ ತಟ್ಟೆಯ ಅಂಚಿನ ಮೇಲೆ ತಾವೇ ಕೂರಿಸಿಕೊಂಡವು. ಮದುವೆಯ ಹಾಡು, ಭಜನೆ, ತೊಟ್ಟಿಲ ಹಾಡು, ಎಲ್ಲ ಆ ತಕಿಟ ತಕಿಟ ತಕದೊಳಗೆ. ಒಂದನ್ನೂ ತಂತಿಯ ಮೇಲೆ ಕೇಳಿರಲಿಲ್ಲ. "ಹಿಂಗೆ ಕೇಳ್ತದೆ ಅಂತ ಗೊತ್ತಿತ್ತು" ಎಂದರು ಆ ದಿನ, ನುಡಿಸುವುದನ್ನು ನಿಲ್ಲಿಸಿ. "ಆದ್ರೂ ಕೇಳಿದ್ದು ಇವತ್ತೇ."

ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆ ನುಡಿಸಿದೆವು. ಒಂದು ವಾದ್ಯ, ಇಬ್ಬರು. ಅವರು "ಎರಡು" ಎಂದರೆ ನನ್ನ ಬೆರಳು ಎರಡನೇ ಪಟ್ಟಿಗೆ, "ಬಿಡು" ಎಂದರೆ ಬಿಡುವುದು. ಬರಬರುತ್ತಾ ಹೇಳುವುದು ಬೇಡವಾಯಿತು. ಅವರ ಭುಜ ನನ್ನ ಭುಜಕ್ಕೆ ತಾಗಿಕೊಂಡಿರುತ್ತಿತ್ತು. ಅದು ಸ್ವಲ್ಪ ಅಲುಗಿದರೆ ನನಗೆ ತಿಳಿಯುತ್ತಿತ್ತು. ಅಡಿಗೆಮನೆಯಲ್ಲಿ ಆರು ವರ್ಷ ಒಟ್ಟಿಗಿದ್ದರೂ ನಾವಿಬ್ಬರೂ ಅಷ್ಟು ಮಾತಾಡಿಕೊಂಡಿರಲಿಲ್ಲ.

ಆಮೇಲೆ ಒಂದು ದಿನ ವಾದ್ಯವನ್ನು ನನ್ನ ಮಡಿಲಿಗೆ ತಳ್ಳಿದರು. "ಬಲಗೈ ಕಲಿ. ನಾಳೆ ನಾನು ಹೋದ್ರೆ ಎಡಗೈ ಒಂದೇ ಇಟ್ಕಂಡು ಏನ್ಮಾಡ್ತೀಯ?"

ಸುಲಭ ಎಂದುಕೊಂಡಿದ್ದೆ. ಎಂಟು ಮೀಟು ತಾನೆ. ಹೆಬ್ಬೆಟ್ಟು, ತೋರು, ನಡು. ಮತ್ತೆ ಹೆಬ್ಬೆಟ್ಟು, ತೋರು, ನಡು. ಕೊನೆಗೆ ಹೆಬ್ಬೆಟ್ಟು, ನಡು. ಬಾಯಲ್ಲಿ ಎಷ್ಟು ವೇಗವಾಗಿ ಬೇಕಾದರೂ ಹೇಳಬಲ್ಲೆ, ಬೆರಳು ಕೇಳುವುದಿಲ್ಲ. ತೋರುಬೆರಳು ಹೊರಟರೆ ನಡುಬೆರಳೂ ಜೊತೆಗೇ ಹೊರಡುತ್ತಿತ್ತು. ಹೆಬ್ಬೆರಳು ಒಂದು ಕ್ಷಣ ತಡ. ಅತ್ತೆ ತಿಂಗಳುಗಟ್ಟಲೆ ಬರೀ ಹೆಬ್ಬೆರಳಿನ ಪಾಠ ಮಾಡಿಸಿದರು. ಮೊರದ ಮೇಲೆ, ಒರಳಿನ ಮೇಲೆ, ಮಣೆಯ ಮೇಲೆ ಕುಟ್ಟುತ್ತಾ ಓಡಾಡಿದೆ. ಒಮ್ಮೆ ಸಿಟ್ಟು ಬಂದು, "ನನ್ನ ಕೈಗೆ ಇದು ಹತ್ತಲ್ಲ ಅತ್ತೆ" ಎಂದು ವಾದ್ಯವನ್ನು ಬೆಂಚಿನ ಮೇಲಿಟ್ಟು ಎದ್ದೆ. "ಹತ್ತೋದು ಬೇಡ" ಎಂದರು, "ಕೂತ್ಗ."

ಮುಂದಿನ ಕುಯ್ಲಿನಲ್ಲಿ ಆಳು ಕಡಿಮೆಯಿದ್ದು ನಾನೂ ಹಣ್ಣು ಕುಯ್ಯಲು ಹೋಗುತ್ತಿದ್ದೆ. ಒಂದು ಸಂಜೆ ಬಂದು ಬೆಂಚಿನ ಮೇಲೆ ಕೂತು ಎಂದಿನಂತೆ ಮೀಟಲು ಶುರು ಮಾಡಿದಾಗ ಅತ್ತೆ, "ಇವತ್ತು ತೋಟದಲ್ಲಿ ಎಂಥ ಗಲಾಟೆ?" ಎಂದು ಕೇಳಿದರು. ಎರಡು ಸಾಲಿನ ಹೆಂಗಸರು ಒಂದೇ ಗಿಡಕ್ಕೆ ಕೈ ಹಾಕಿ ಜಗಳವಾಡಿದ್ದು, ಮೇಸ್ತ್ರಿ ನಡುವೆ ಬಂದು ಇಬ್ಬರಿಂದಲೂ ಬೈಸಿಕೊಂಡದ್ದು, ಎಲ್ಲವನ್ನೂ ಹೇಳುತ್ತಾ ಹೋದೆ. ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂತೇನೋ ಎಂದು ಮಾತು ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ. ತಕಿಟ ತಕಿಟ ತಕ, ಒಂದೂ ತಪ್ಪದೆ ಹೋಗುತ್ತಿತ್ತು. ಇದು ಎಲ್ಲಿಂದ ಬರುತ್ತಿದೆ ಎಂದು ಒಂದು ಗಳಿಗೆ ನಿಜವಾಗಿಯೂ ನನಗೆ ತಿಳಿಯಲಿಲ್ಲ.

"ನೋಡ್ಬೇಡ" ಎಂದರು ಅತ್ತೆ ಕಣ್ಣು ತೆರೆಯದೆ. "ನೋಡಿದ್ರೆ ನಿಲ್ತದೆ."

ನೋಡಿದೆ. ನಿಂತಿತು. ಇಬ್ಬರೂ ನಕ್ಕೆವು. ನನ್ನದೇ ಬೆರಳುಗಳು, ನನಗೆ ಗೊತ್ತಿಲ್ಲದೆ ಏನನ್ನೋ ತಿಳಿದುಕೊಂಡಿದ್ದವು.

ಅಲ್ಲಿಂದ ಮುಂದೆ ನಾನೇ ಎರಡೂ ಕೈಯಲ್ಲಿ ನುಡಿಸತೊಡಗಿದೆ. ಅತ್ತೆ ಪಕ್ಕದಲ್ಲಿ ಕೂತು ಕೇಳುವರು, ಎಲ್ಲಾದರೂ ಹೆಬ್ಬೆರಳು ಪಂಚಮಕ್ಕೆ ಬರುವುದು ತಡವಾದರೆ ಗಂಟಲು ಸರಿ ಮಾಡಿಕೊಳ್ಳುವರು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಒಂದು ದಿನ ಬೆಂಚಿನ ಬಲತುದಿಯಲ್ಲಿ ನನ್ನ ಗಂಡ ಮೆಣಸಿನ ಚೀಲ ಇಟ್ಟಿದ್ದರಿಂದ ಅತ್ತೆ ನನ್ನ ಎಡಕ್ಕೆ ಬಂದು ಕೂತರು. ವಾದ್ಯದ ಕತ್ತು ಈಗ ಅವರ ಮುಂದೆ ಬಂದಿತ್ತು, ಅವರ ಜೀವವಿಲ್ಲದ ಎಡಗೈ ಮಡಿಲಲ್ಲಿತ್ತು. ಅದೇ ಸೋಬಾನೆಯನ್ನು ನುಡಿಸುತ್ತಿದ್ದೆ. ಅದರಲ್ಲಿ ಒಂದು ಸ್ವರ ಬಹಳ ಹೊತ್ತು ನಿಲ್ಲುತ್ತದೆ. ಆ ಜಾಗಕ್ಕೆ ಬರುವ ಹೊತ್ತಿಗೆ ಅತ್ತೆ ಬಲಗೈಯಿಂದ ತಮ್ಮ ಎಡಗೈಯನ್ನು ಎತ್ತಿ ವಾದ್ಯದ ಕತ್ತಿನ ಮೇಲಿಟ್ಟರು. ಸುಮ್ಮನೆ ಕೈಗೆ ಆಸರೆ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಬಲಗೈಯನ್ನು ತೆಗೆದರು. ಎಡಗೈ ಬೀಳಲಿಲ್ಲ. ಅದರ ತೋರುಬೆರಳು ಮೆಲ್ಲಗೆ ಮಡಿಚಿಕೊಂಡಿತು. ತಂತಿಯ ಮೇಲೆ ಕೂತಿತು. ಒತ್ತಿತು.

ನಾನು ನನ್ನ ಎಡಗೈಯನ್ನು ಹಿಂದಕ್ಕೆ ತೆಗೆದೆ. ಬಲಗೈಯನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಲ್ಲಿ ಆ ಬೆರಳು ಬಿದ್ದುಹೋಗುತ್ತದೋ ಎಂದು ಭಯ. ಸ್ವರ ಸ್ವಲ್ಪ ಗೊರಗೊರ ಎನ್ನುತ್ತಿತ್ತು, ಆದರೆ ಸರಿಯಾದ ಸ್ವರ. ಆರೇಳು ವರ್ಷ ಎಣ್ಣೆ ಹಚ್ಚಿ ಮಡಿಸಿ ಬಿಡಿಸಿದ ಬೆರಳು ಅದು. ಅದರ ಒಂದೊಂದು ಗೆಣ್ಣೂ ನನಗೆ ಗೊತ್ತಿತ್ತು. ಆದರೂ ಯಾವತ್ತೂ ನೋಡದೇ ಇದ್ದದ್ದನ್ನು ನೋಡುವಂತೆ ನೋಡುತ್ತಿದ್ದೆ. ಅಂಗಳದಲ್ಲಿ ಬರುತ್ತಿದ್ದ ನನ್ನ ಗಂಡ ಅಲ್ಲೇ ನಿಂತರು.

"ಅಮ್ಮ" ಎಂದರು.

"ಸುಮ್ನಿರು" ಎಂದರು ಅತ್ತೆ. "ಹಾಡು ನಡೀತಿದೆ."

ಆ ಬೆರಳು ಅದಕ್ಕಿಂತ ಹೆಚ್ಚಿನದನ್ನು ಮಾಡಲಿಲ್ಲ. ಲೋಟ ಹಿಡಿಯಲಿಲ್ಲ, ಸೆರಗು ಸರಿ ಮಾಡಲಿಲ್ಲ. ಚಿಕ್ಕಮಗಳೂರಿನ ಡಾಕ್ಟರಿಗೆ ತೋರಿಸಿದಾಗ ಅವರು ಒತ್ತಲು ಹೇಳಿದರು, ಬೆರಳು ಅಲುಗಲಿಲ್ಲ. ಹಾಡು ಆ ಜಾಗಕ್ಕೆ ಬಂದಾಗ ಮಾತ್ರ, ಅದೂ ಎಲ್ಲ ದಿನ ಅಲ್ಲ, ಬಂದು ಆ ತಂತಿಯ ಮೇಲೆ ಕೂರುತ್ತಿತ್ತು. ಅತ್ತೆ ಅದನ್ನು ದೊಡ್ಡದು ಮಾಡಲಿಲ್ಲ. "ಒಂದು ಸ್ವರ ನಂದು, ಉಳಿದದ್ದು ನೀನು ನೋಡ್ಕ" ಎನ್ನುತ್ತಿದ್ದರು.

ಹೀಗೆ ಇನ್ನೂ ಎರಡು ವರ್ಷ ಇದ್ದು, ಒಂದು ಬೇಸಗೆಯ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅವರ ಹದಿಮೂರನೆಯ ದಿನ ಕಳೆದ ಮೇಲೆ ಬಹಳ ಕಾಲ ನಾನು ವಾದ್ಯ ಮುಟ್ಟಲಿಲ್ಲ. ಮುಟ್ಟಿದ ದಿನ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಈಗಲೂ ಆ ಸೋಬಾನೆ ನುಡಿಸುತ್ತೇನೆ. ಆ ಉದ್ದದ ಸ್ವರ ನನ್ನ ಬೆರಳಿನಲ್ಲಿ ತುಂಬ ಶುದ್ಧವಾಗಿ ಬರುತ್ತದೆ. ಅವರ ಬೆರಳಿನಿಂದ ಗೊರಗೊರ ಎಂದು ಬಂದಂತೆ ನನಗೆ ಬರುವುದೇ ಇಲ್ಲ, ಎಷ್ಟು ಸಡಿಲವಾಗಿ ಒತ್ತಿ ನೋಡಿದರೂ.