ಬಾಳೆಲೆಗೆ ಬಂದ ಗ್ರಾಫಿಕ್ಸ್ ಕಾರ್ಡು

ಶನಿವಾರ ಬೆಳಿಗ್ಗೆ ನಾನೂ ನನ್ನ ತಂಗಿ ಪಲ್ಲವಿಯೂ ನಮ್ಮೂರು ಬಾಳೆಲೆಯಿಂದ ಗೋಣಿಕೊಪ್ಪಕ್ಕೆ ಹೋಗುವ ಮೊದಲ ಬಸ್ಸು ಹತ್ತಿದೆವು. ಹಿಂದಿನ ವಾರ ಹೂಮಳೆ ಬಿದ್ದಿದ್ದರಿಂದ ದಾರಿಯ ಎರಡೂ ಬದಿಯ ಕಾಫಿ ತೋಟಗಳು ಬೆಳ್ಳಗೆ ಅರಳಿದ್ದವು. ಘಮ ಬಸ್ಸಿನೊಳಗೂ ಬರುತ್ತಿತ್ತು. ಪಲ್ಲವಿ ಅದನ್ನೇನೂ ನೋಡಲಿಲ್ಲ. ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಕಿಟಕಿಯ ಕಡೆ ಮುಖ ಮಾಡಿ, ಊರು ದಾಟುವವರೆಗೂ ಹಾಗೇ ಕೂತಿದ್ದಳು.

ನಮ್ಮದು ಮೂಲತಃ ಶನಿವಾರಸಂತೆಯ ಕಡೆಯ ಮನೆತನ. ಅಪ್ಪ ಬಾಳೆಲೆಯಲ್ಲಿ ದಿನಸಿ ಅಂಗಡಿ ಇಟ್ಟು ಇಲ್ಲಿಯೇ ನೆಲೆನಿಂತರು. ನನ್ನನ್ನು ಶನಿವಾರಸಂತೆಗೇ ಮದುವೆ ಮಾಡಿ ಕೊಟ್ಟರು. ಪಲ್ಲವಿಗೂ ಸೋಮವಾರಪೇಟೆಯಲ್ಲಿ ಸಂಬಂಧ ಗೊತ್ತಾಗಿ, ಲಗ್ನಪತ್ರಿಕೆ ಹಂಚಿ ಆದ ಮೇಲೆ ಗಂಡಿನ ಕಡೆಯವರು ಬೇಡವೆಂದುಬಿಟ್ಟರು. ಕಾರಣ ಏನೆಂದು ಇವತ್ತಿಗೂ ನಮಗೆ ಗೊತ್ತಿಲ್ಲ. ಅಂಗಡಿಗೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಪಲ್ಲವಿ ಅಂಗಡಿಯಲ್ಲಿ ಕೂರುವುದನ್ನು ಬಿಟ್ಟಳು, ಆಮೇಲೆ ಊರಿನೊಳಗೆ ಓಡಾಡುವುದನ್ನೂ ಬಿಟ್ಟಳು. ಕಾಫಿ ಪಿಕಿಂಗ್ ಶುರುವಾದಾಗ ಮಾತ್ರ ಹತ್ತಿರದ ಎಸ್ಟೇಟೊಂದರಲ್ಲಿ ರೈಟರ್ ಕೆಲಸಕ್ಕೆ ಸೇರಿ, ಆಳುಗಳು ಕಿತ್ತ ಹಣ್ಣಿನ ತೂಕ ಬರೆದುಕೊಳ್ಳುತ್ತಿದ್ದಳು. ಬೆಳಿಗ್ಗೆ ಜೀಪಿನಲ್ಲಿ ಹೋಗಿ ಸಂಜೆ ಜೀಪಿನಲ್ಲೇ ಬರುತ್ತಿದ್ದಳು.

ಆ ದಿನಗಳಲ್ಲಿ ಅವಳಿಗೆ ಜೊತೆಯಾಗಿದ್ದು ಕಂಪ್ಯೂಟರ್ ಆಟ. ಇಂಟರ್ನೆಟ್ಟಿನಲ್ಲೇ ಕೂಡಿ ಆಡುವ ಐದು ಹುಡುಗಿಯರ ಒಂದು ತಂಡದ ಪರಿಚಯವಾಗಿತ್ತು. ಒಬ್ಬೊಬ್ಬರು ಒಂದೊಂದು ಊರಿನವರು, ಯಾರೂ ಯಾರ ಮುಖವನ್ನೂ ನೇರವಾಗಿ ನೋಡಿದವರಲ್ಲ. ನಾಯಕಿ ಹುಬ್ಬಳ್ಳಿಯ ರೇಷ್ಮಾ. ಅವರಲ್ಲೊಬ್ಬಳು ತಂಡ ಬಿಡುತ್ತಿದ್ದುದರಿಂದ ಒಂದು ಜಾಗ ಖಾಲಿಯಿತ್ತು. ಆದರೆ ಪಲ್ಲವಿಯ ಹಳೆಯ ಲ್ಯಾಪ್‌ಟಾಪ್ ಆಟದ ನಡುವೆಯೇ ನಿಂತುಬಿಡುತ್ತಿತ್ತು. ಭಾನುವಾರ ಬೆಳಿಗ್ಗೆಯ ಪಂದ್ಯಕ್ಕೆ ಸರಿಯಾದ ಯಂತ್ರದಲ್ಲಿ ಕೂತರೆ ನೋಡೋಣ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ರೇಷ್ಮಾ ಹೇಳಿಬಿಟ್ಟಿದ್ದಳು. ಆನ್‌ಲೈನಿನಲ್ಲಿ ತರಿಸಲು ಸಮಯವಿರಲಿಲ್ಲ, ಮೈಸೂರಿಗೇ ಹೋಗಿ ಬಿಡಿಭಾಗ ಕೊಂಡು ಹೊಸ ಕಂಪ್ಯೂಟರ್ ಜೋಡಿಸಿಕೊಂಡು ಬರಬೇಕಿತ್ತು. ಪೆಟ್ಟಿಗೆಗಳನ್ನು ಹೊರಲು ಜೊತೆ ಬೇಕೆಂದು ನನ್ನನ್ನು ತವರಿಗೆ ಕರೆಸಿಕೊಂಡಿದ್ದಳು.

ಗೋಣಿಕೊಪ್ಪದಲ್ಲಿ ಇಡ್ಲಿ ತಿಂದು ಮೈಸೂರಿನ ಸರ್ಕಾರಿ ಬಸ್ಸು ಹಿಡಿದೆವು. ಆಧಾರ್ ತೋರಿಸಿದ್ದಕ್ಕೆ ಇಬ್ಬರಿಗೂ ಉಚಿತ ಟಿಕೆಟು. ಹುಣಸೂರಿನವರೆಗೆ ಪಲ್ಲವಿ ನನಗೆ ಲೆಕ್ಕಾಚಾರ ಬಿಡಿಸಿ ಹೇಳಿದಳು. ಒಟ್ಟು ಎಂಬತ್ತು ಸಾವಿರ, ಅಷ್ಟೂ ಅವಳ ಸಂಬಳದ ಹಣ. ಪರದೆಯನ್ನು ಮೊದಲೇ ಕೊಂಡಿದ್ದಳು, ಅದು ಸಾಧಾರಣ ಅಳತೆಯದು.

"ಪರದೆ ಎಷ್ಟು ತೋರಿಸುತ್ತೋ ಅಷ್ಟಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಸಾಕು ಕಣಕ್ಕ, ಆಟದ ಚಿತ್ರ ಮೂಡಿಸೋದು ಅದೇ. ಅದಕ್ಕಿಂತ ದೊಡ್ಡದು ಹಾಕೋದು ಅಂದ್ರೆ, ಹತ್ತು ಎಚ್‌ಪಿ ಪಂಪು ಇಟ್ಟು ಅರ್ಧ ಇಂಚು ಪೈಪಲ್ಲಿ ತೋಟಕ್ಕೆ ನೀರು ಬಿಟ್ಟ ಹಾಗೆ," ಎಂದಳು. "ಎಲ್ಲಾನೂ ಕೂರಿಸೋಕೆ ಲೈಟ್ ಉರಿಯೋ ಡಬ್ಬ ಬೇಡ, ನೀರಲ್ಲಿ ತಣ್ಣಗೆ ಮಾಡೋ ಕೂಲರ್ ಬೇಡ. ಪವರ್ ಸಪ್ಲೈಯಲ್ಲಿ ಮಾತ್ರ ಉಳಿಸಬಾರದು. ನಮ್ಮೂರ ಕರೆಂಟು ನಿಂಗೆ ಗೊತ್ತಲ್ಲ."

ಅಷ್ಟು ಉದ್ದದ ಮಾತು ಅವಳ ಬಾಯಿಂದ ಕೇಳಿ ತಿಂಗಳುಗಳಾಗಿದ್ದವು. ಈ ಹುಡುಗಿಗೆ ಅಲ್ಲಿರುವುದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನೇ ಕೊಡಿಸಬೇಕು ಎಂದು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಮೈಸೂರು ತಲುಪಿದಾಗ ಬಿಸಿಲು ಸುಡುತ್ತಿತ್ತು. ಬಸ್ ನಿಲ್ದಾಣದಿಂದ ಆಟೊದವನು ಎಂಬತ್ತು ರೂಪಾಯಿ ಕೇಳಿ ಅರುವತ್ತಕ್ಕೆ ಒಪ್ಪಿ, ಕಂಪ್ಯೂಟರ್ ಅಂಗಡಿಗಳ ಬೀದಿಯಲ್ಲಿ ಇಳಿಸಿದ. ಪಲ್ಲವಿ ಫೋನಿನಲ್ಲಿ ವಿಚಾರಿಸಿದ್ದ ಅಂಗಡಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಒಳಗೆ ಫೋನಿನ ಸಿಗ್ನಲ್ ಇಲ್ಲ. ಗೋಡೆಯ ತುಂಬ ಪೆಟ್ಟಿಗೆಗಳು, ಗಾಜಿನ ಡಬ್ಬಗಳೊಳಗೆ ಕೆಂಪು ನೀಲಿ ದೀಪ. ಮಾಲೀಕ ಐವತ್ತರ ಆಸುಪಾಸಿನ ಗಂಭೀರ ಮನುಷ್ಯ. ಅವನ ಮೊದಲ ಮಾತಿಗೇ ನಮ್ಮ ಲೆಕ್ಕ ತಲೆಕೆಳಗಾಯಿತು.

"ರ‍್ಯಾಮ್ ರೇಟು ಏರಿಬಿಟ್ಟಿದೆ ಮೇಡಂ. ನೀವು ಫೋನ್ ಮಾಡಿದಾಗ ಇದ್ದ ರೇಟು ಈಗಿಲ್ಲ."

ಹೇಳಿದ ಬೆಲೆ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಪಲ್ಲವಿಯ ಮುಖ ಸಪ್ಪಗಾಯಿತು. ಎದ್ದು ಹೋಗುತ್ತಾಳೆಂದೇ ನಾನು ಅಂದುಕೊಂಡೆ. ಅವಳು ಸ್ಟೂಲು ಎಳೆದುಕೊಂಡು ಕೂತು, ಮೊದಲಿನಿಂದ ಲೆಕ್ಕ ಹಾಕತೊಡಗಿದಳು. ಎರಡು ರ‍್ಯಾಮ್ ಬದಲು ಈಗ ಒಂದೇ. ಇನ್ನೊಂದರ ಜಾಗ ಖಾಲಿ ಇರಲಿ, ಮುಂದೆ ನೋಡಿಕೊಳ್ಳುವುದು. ಮದರ್‌ಬೋರ್ಡು ಒಂದು ಮೆಟ್ಟಿಲು ಕೆಳಗಿನದು. ಡಬ್ಬ ಎಲ್ಲಕ್ಕಿಂತ ಚಿಕ್ಕದು. ಪ್ರೊಸೆಸರು, ಕಾರ್ಡು, ಪವರ್ ಸಪ್ಲೈ ಮಾತ್ರ ಅಂದುಕೊಂಡಿದ್ದೇ ಇರಬೇಕು.

"ಇನ್ನು ಸ್ವಲ್ಪ ಹಾಕಿದ್ರೆ ಐದು ವರ್ಷ ಚಿಂತೆ ಇರಲ್ಲ," ಎಂದ ಮಾಲೀಕ.

"ಐದು ವರ್ಷದ ಚಿಂತೆ ಬೇಡ ಸರ್. ನಾಳೆ ಬೆಳಿಗ್ಗೆ ನಡೆದರೆ ಸಾಕು," ಎಂದಳು ಪಲ್ಲವಿ.

ಎಲ್ಲ ಸೇರಿ ಎಂಬತ್ತರೊಳಗೆ ಬಂತು. ಜೋಡಿಸುವ ಹುಡುಗ ಕೆಲಸ ಶುರುಮಾಡಿದ. ರೇಷ್ಮಾಳಿಗೆ ತಿಳಿಸಿ, ಅಪ್ಪನಿಗೂ ಫೋನ್ ಮಾಡಿ ಬರುತ್ತೇನೆಂದು ಪಲ್ಲವಿ ಮೇಲೆ ಹೋದಳು.

ನಾನು ಮಾಲೀಕನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: "ಅವಳು ಆರಿಸಿದ್ದಕ್ಕಿಂತ ಒಳ್ಳೇ ಕಾರ್ಡ್ ಹಾಕೋಕಾಗುತ್ತಾ? ಹೆಚ್ಚಿನ ದುಡ್ಡು ನಾನು ಕೊಡ್ತೀನಿ. ಅವಳಿಗೆ ಹೇಳ್ಬೇಡಿ."

ಅವನಿಗೆ ಅಷ್ಟೇ ಸಾಕಿತ್ತು. ಪಲ್ಲವಿಯ ಕಾರ್ಡು ಗಾಜಿನ ಕಪಾಟಿಗೆ ವಾಪಸ್ ಹೋಯಿತು. ಅದರ ಒಂದೂವರೆಯಷ್ಟು ಉದ್ದದ ಪೆಟ್ಟಿಗೆ ಹೊರಬಂದು, ಅದರ ಸೀಲು ಒಡೆಯಿತು. ಹುಡುಗ ಕಾರ್ಡನ್ನು ಡಬ್ಬದೊಳಗೆ ಇಡಲು ನೋಡಿದ. ಹಿಡಿಸಲಿಲ್ಲ. ಓರೆ ಮಾಡಿದ, ಮುಂದಿನ ಫ್ಯಾನು ಬಿಚ್ಚಿದ, ಆದರೂ ಹಿಡಿಸಲಿಲ್ಲ.

"ಡಬ್ಬ ದೊಡ್ಡದು ಬೇಕು ಸರ್. ಈ ಪವರ್ ಸಪ್ಲೈನೂ ಇದಕ್ಕೆ ಸಾಲಲ್ಲ," ಎಂದ.

ಮಾಲೀಕ ಕ್ಯಾಲ್ಕುಲೇಟರ್ ಎತ್ತಿಕೊಂಡ. ಒಂದನ್ನು ಬದಲಿಸಲು ಹೋಗಿ ಮೂರನ್ನು ಬದಲಿಸುವ ಹಾಗಾಗಿತ್ತು. ಬೇಡ, ಮೊದಲಿನ ಹಾಗೇ ಮಾಡಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಪಲ್ಲವಿ ನಿಂತಿದ್ದಳು. ಮೇಜಿನ ಮೇಲಿನ ಪೆಟ್ಟಿಗೆ ನೋಡಿದಳು. ನನ್ನನ್ನು ನೋಡಿದಳು.

"ಯಾಕಕ್ಕ ಹಿಂಗ್ ಮಾಡ್ದೆ?"

"ನಿನಗೆ ಒಳ್ಳೇದಾಗ್ಲಿ ಅಂತ ಕಣೇ. ಪಾಪ, ನೀನು ಎಷ್ಟು ಅಂತ..."

"ಪಾಪ ಅನ್ಬೇಡ!" ಅವಳ ದನಿಗೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. "ಮದುವೆ ಮುರಿದ ದಿನದಿಂದ ಎಲ್ರೂ ನಂಗೆ ಹಣ್ಣು ತಂದು ಕೊಡ್ತಾರೆ, ಆಸ್ಪತ್ರೇಲಿ ಮಲಗಿರೋರಿಗೆ ಕೊಟ್ಟಂಗೆ. ನಾನು ದುಡಿದು, ನಾನು ಯೋಚನೆ ಮಾಡಿ ತಗೊಂಡಿದ್ದು ಇದೊಂದೇ. ಅದನ್ನೂ ನೀನು ಹಣ್ಣಿನ ಬುಟ್ಟಿ ಮಾಡ್ಬಿಟ್ಟೆ."

ಪಲ್ಲವಿ ಮಾಲೀಕನ ಕಡೆ ತಿರುಗಿ, ತನ್ನ ಕಾರ್ಡನ್ನೇ ಹಾಕಿಕೊಡಬೇಕೆಂದಳು. ಸೀಲು ಒಡೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದ ಅವನು. ಅದು ಹೋಗಲಿ ಎಂದರೆ, ಅವಳ ಕಾರ್ಡು ಆಗಲೇ ಕಪಾಟಿನಲ್ಲಿರಲಿಲ್ಲ. ಕನ್ನಡಕ ಹಾಕಿದ ಯುವಕನೊಬ್ಬ ಅದನ್ನು ಕೈಯಲ್ಲಿ ಹಿಡಿದು ಬೆಲೆ ಕೇಳುತ್ತಿದ್ದ. ಅಂಗಡಿಯಲ್ಲಿ ಉಳಿದಿದ್ದು ಅದೊಂದೇ.

ನಮ್ಮ ಮೂರೂವರೆಯ ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ. ಪಲ್ಲವಿ ಅಳುತ್ತಾಳೆ ಎಂದುಕೊಂಡೆ. ಅವಳು ನೇರವಾಗಿ ಆ ಯುವಕನ ಹತ್ತಿರ ಹೋದಳು.

"ಸರ್, ನಿಮ್ಮ ಮಾನಿಟರ್ ಯಾವುದು?"

ಅವನು ಗಲಿಬಿಲಿಯಾಗಿ, ನಂಜನಗೂಡಿನವನೆಂದೂ, ತಮ್ಮನೂ ತಾನೂ ಸೇರಿ ದೊಡ್ಡ ಪರದೆಯೊಂದನ್ನು ತೆಗೆದುಕೊಂಡಿದ್ದೇವೆಂದೂ ಹೇಳಿದ. ಡಬ್ಬ ಎಷ್ಟು ಉದ್ದ, ಪವರ್ ಸಪ್ಲೈ ಎಷ್ಟರದ್ದು ಎಂದು ಪಲ್ಲವಿ ಒಂದೊಂದಾಗಿ ಕೇಳಿದಳು. ಆಮೇಲೆ, "ನಿಮ್ಮ ಪರದೆಗೆ ಈ ಕಾರ್ಡ್ ಏದುಸಿರು ಬಿಡುತ್ತೆ. ಆರು ತಿಂಗಳಿಗೇ ಬದಲಾಯಿಸ್ಬೇಕು ಅನ್ಸುತ್ತೆ. ಮೇಜಿನ ಮೇಲಿರೋದು ನಿಮಗೆ ಸರಿಯಾಗುತ್ತೆ. ಸೀಲ್ ಮಾತ್ರ ಒಡೆದಿದೆ. ಮೆಷಿನ್ನಿಗೆ ಹಾಕಿ ಓಡಿಸಿ ನೋಡಿ, ಸರಿ ಇದ್ರೆ ತಗೊಳ್ಳಿ," ಎಂದಳು.

ಅವನು ಮಾಲೀಕನ ಮುಖ ನೋಡಿದ. ಮಾಲೀಕ ಗಡ್ಡ ಕೆರೆದುಕೊಂಡು, "ಆ ಹುಡುಗಿ ಹೇಳ್ತಿರೋದು ಸರಿನೇ," ಎಂದು ಒಪ್ಪಿದ. ಅಂಗಡಿಯ ಮೆಷಿನ್ನಿನಲ್ಲಿ ದೊಡ್ಡ ಕಾರ್ಡನ್ನು ಓಡಿಸಿದರು. ಬಿಸಿ ಏರಿದಂತೆಲ್ಲ ನಾವು ನಾಲ್ವರೂ ಪರದೆಯ ಮೇಲಿನ ಅಂಕಿಯನ್ನೇ ನೋಡುತ್ತ ನಿಂತೆವು. ಏನೂ ತೊಂದರೆಯಾಗಲಿಲ್ಲ. ಸೀಲು ಒಡೆದದ್ದಕ್ಕೆ ಎರಡು ಸಾವಿರ ಬಿಟ್ಟುಕೊಡಬೇಕೆಂದ ನಂಜನಗೂಡಿನವನು. ಆ ಎರಡು ಸಾವಿರ ನಾನು ಕೊಟ್ಟೆ. ಅದಕ್ಕೆ ಪಲ್ಲವಿ ಬೇಡ ಎನ್ನಲಿಲ್ಲ.

ಅವಳ ಕಾರ್ಡು ಅವಳಿಗೆ ಬಂತು. ಹುಡುಗ ಎಲ್ಲ ಜೋಡಿಸಿ, ನಡೆಸಿ ತೋರಿಸಿ, ಮತ್ತೆ ಕಾರ್ಡನ್ನು ಮಾತ್ರ ಬಿಚ್ಚಿ ಬೇರೆ ಪೆಟ್ಟಿಗೆಗೆ ಹಾಕಿದ. ಬಸ್ಸಿನ ಕುಲುಕಾಟಕ್ಕೆ ಭಾರದ ಕಾರ್ಡು ಕಿತ್ತು ಬರಬಹುದು, ಇದನ್ನು ಮಡಿಲಲ್ಲಿಟ್ಟುಕೊಳ್ಳಿ ಎಂದ.

ಊಟ ಮಾಡಲು ಹೊತ್ತಾಗಲಿಲ್ಲ. ನಿಲ್ದಾಣದಲ್ಲಿ ಎರಡು ಪೊಟ್ಟಣ ಕಡಲೆಕಾಯಿ ಕೊಂಡು ಪೊನ್ನಂಪೇಟೆಯ ಮೇಲೆ ಕುಟ್ಟಕ್ಕೆ ಹೋಗುವ ಬಸ್ಸು ಹತ್ತಿದೆವು. ನಮ್ಮಿಬ್ಬರಿಗೂ ಟಿಕೆಟು ಉಚಿತವಾದರೂ ದೊಡ್ಡ ಡಬ್ಬಕ್ಕೆ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ. ಅದನ್ನು ಡ್ರೈವರ್ ಹಿಂದಿನ ಜಾಗದಲ್ಲಿ ಇಟ್ಟು, ಕಾರ್ಡಿನ ಪೆಟ್ಟಿಗೆಯನ್ನು ನಾನು ಮಡಿಲಲ್ಲಿಟ್ಟುಕೊಂಡೆ. ಹುಣಸೂರು ದಾಟಿತು. ಕಡಲೆಕಾಯಿ ಚಾಚಿದರೆ ಪಲ್ಲವಿ ಬೇಡವೆಂದು ತಲೆ ಅಲ್ಲಾಡಿಸಿದಳು. ಇನ್ನು ಇವಳು ನನ್ನನ್ನು ಕರೆಯುವುದೇ ಇಲ್ಲವೇನೋ ಎಂದು ಭಯವಾಯಿತು.

ಆನೆಚೌಕೂರಿನ ಕಾಡಿನಲ್ಲಿ ಬಸ್ಸು ಗಕ್ಕನೆ ನಿಂತಿತು. ಮುಂದೆ, ರಸ್ತೆಯ ನಡುವೆ ಒಂಟಿ ಸಲಗ. ಅದರ ಆಚೆ ಒಂದು ಕಾರು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಹಿಂದಕ್ಕೆ ತಿರುಗಿಸಲು ಹೋಗಿ ಸಿಕ್ಕಿಬಿದ್ದಿರಬೇಕು.

"ಯಾರೂ ಸದ್ದು ಮಾಡ್ಬೇಡಿ. ಫೋನ್ ಎತ್ಬೇಡಿ," ಎಂದು ಡ್ರೈವರ್ ಪಿಸುಗುಟ್ಟಿ ಎಂಜಿನ್ ಆಫ್ ಮಾಡಿದ.

ಸಲಗ ಕಾರನ್ನು ಬಿಟ್ಟು ನಮ್ಮ ಕಡೆ ತಿರುಗಿತು. ಕಿವಿ ಅಗಲಿಸಿ ನಾಲ್ಕು ಹೆಜ್ಜೆ ಮುಂದೆ ಬಂತು. ಹಿಂದಿನ ಸೀಟಿನಲ್ಲಿ ಒಂದು ಮಗು ಅಳಲು ಶುರುಮಾಡಿ, ತಾಯಿ ಅದರ ಬಾಯಿಗೆ ಸೆರಗು ಒತ್ತಿದಳು. ಪಕ್ಕದಲ್ಲಿ ಕೂತಿದ್ದ ಕುಟ್ಟದ ಮಲಯಾಳಿ ಅಜ್ಜಿ ನನ್ನ ತೋಳು ತಟ್ಟಿ, "ಪೇಡಿಕ್ಕಂಡ ಮೋಳೇ, ಹೆದರ್ಬೇಡ, ಅದು ಹೋಗ್ತದೆ," ಎಂದರು. ಸಲಗ ಬಸ್ಸಿನ ಪಕ್ಕಕ್ಕೇ ಬಂದು ನಿಂತಿತು. ಅದರ ಉಸಿರು ಕೇಳಿಸಿತು. ಕಿಟಕಿಯ ಸರಳಿನ ಆಚೆ ಮಣ್ಣು ಮೆತ್ತಿದ ಬೂದು ಚರ್ಮ, ಬೇರೇನೂ ಇಲ್ಲ. ಒಮ್ಮೆ ಬಸ್ಸಿಗೆ ಮೈ ಒರಗಿಸಿತು. ಇಡೀ ಬಸ್ಸು ವಾಲಿದಂತಾಯಿತು. ನಾನು ಎರಡೂ ಕೈಯಿಂದ ಪೆಟ್ಟಿಗೆಯನ್ನು ಅವುಚಿಕೊಂಡು, ಅದರ ಮೇಲೆ ಬಾಗಿ ಕಣ್ಣು ಮುಚ್ಚಿಬಿಟ್ಟೆ.

"ಅಕ್ಕಾ," ಎಂದಿತು ಕಿವಿಯ ಹತ್ತಿರ ಪಲ್ಲವಿಯ ದನಿ. "ಪೆಟ್ಟಿಗೆ ಬಿಡು. ನನ್ನ ಕೈ ಹಿಡ್ಕೋ."

ಹಿಡಿದುಕೊಂಡೆ. ಎಷ್ಟು ಹೊತ್ತು ಹಾಗೇ ಕೂತಿದ್ದೆವೋ ಗೊತ್ತಿಲ್ಲ. ಬಿದಿರು ಮುರಿಯುವ ಸದ್ದು ಬಲಗಡೆಯ ಕಾಡಿನೊಳಗೆ ದೂರವಾದ ಮೇಲೆ ಡ್ರೈವರ್ ಎಂಜಿನ್ ಚಾಲು ಮಾಡಿದ. ತಿತಿಮತಿ ಬರುವವರೆಗೂ ಅವಳು ಕೈ ಬಿಡಲಿಲ್ಲ. ಪೊನ್ನಂಪೇಟೆಯಲ್ಲಿ ಇಳಿದು ಆಟೊ ಹಿಡಿಯುವಾಗ, "ಹಸಿವಾಗ್ತಿದೆ, ಕಡಲೆಕಾಯಿ ಇದ್ಯಾ?" ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ಅವಳು ಕಾರ್ಡನ್ನು ಕೂರಿಸಿ ಸ್ವಿಚ್ ಹಾಕಿದಳು. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಪಂದ್ಯಕ್ಕೆ ಅರ್ಧ ಗಂಟೆಯೂ ಇರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು, "ಬಸ್ಸಲ್ಲಿ ಏಟು ಬಿತ್ತೇನಮ್ಮಾ?" ಎಂದರು. ನನಗೂ ಅದೇ ಅನುಮಾನ. ಪಲ್ಲವಿ ಟಾರ್ಚ್ ಹಿಡಿದು ಒಳಗೆ ಬಗ್ಗಿ ನೋಡಿದಳು. ಕಾರ್ಡಿಗೆ ಕರೆಂಟು ಕೊಡುವ ತಂತಿಯನ್ನೇ ಅವಸರದಲ್ಲಿ ಸಿಕ್ಕಿಸಿರಲಿಲ್ಲ. ಸಿಕ್ಕಿಸಿದಳು. ಪರದೆ ಬೆಳಗಿತು. ಅಪ್ಪ ನೆಮ್ಮದಿಯಾಗಿ ಅಂಗಡಿಗೆ ಹೋದರು. ಅವಳು ಕಿವಿಗೆ ಹೆಡ್‌ಫೋನ್ ಏರಿಸಿ ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂದಳು. ಮುಖ ಕೆಂಪಾಗಿತ್ತು.

"ಸೋತ್ವಿ," ಎಂದಳು. "ತುಂಬಾ ಕೆಟ್ಟದಾಗಿ ಸೋತ್ವಿ. ಮೊದಲನೇ ಸುತ್ತಿನಲ್ಲಿ ನನ್ನ ಕೈ ನಡುಗ್ತಿತ್ತು. ರೇಷ್ಮಾ ಸರಿಯಾಗಿ ಬೈದ್ಳು."

"ಅಂದ್ರೆ... ಜಾಗ?"

"ಬೈದಳು ಅಂದ್ನಲ್ಲ ಅಕ್ಕ. ತಂಡದೋರಿಗೆ ತಾನೆ ಬೈಯೋದು! ನಾಳೆ ಸಾಯಂಕಾಲ ಅಭ್ಯಾಸಕ್ಕೆ ಬಾ ಅಂದ್ಳು."

ಅಡುಗೆಮನೆಗೆ ಹೋಗಿ, ನಿಂತುಕೊಂಡೇ ಮೂರು ಅಕ್ಕಿರೊಟ್ಟಿ ತಿಂದಳು.

ಸೋಮವಾರ ನಾನು ಶನಿವಾರಸಂತೆಗೆ ಹೊರಟೆ. ಬ್ಯಾಗು ಹಿಡಿದು ಪಲ್ಲವಿ ಬಸ್ ಸ್ಟಾಪಿನವರೆಗೆ ಬಂದಳು. ಹತ್ತು ಗಂಟೆಯ ಬಿಸಿಲು, ಅಂಗಡಿಗಳೆಲ್ಲ ತೆರೆದಿದ್ದವು. ನಾನು ಹತ್ತಿ ಕಿಟಕಿಯ ಪಕ್ಕ ಕೂತಾಗ, ಎದುರು ಮನೆಯ ಹೆಂಗಸೊಬ್ಬರು ಅವಳನ್ನು ತಡೆದು ನಿಲ್ಲಿಸಿದ್ದರು. "ಏನಮ್ಮಾ, ಮೈಸೂರಿಗೆ ಹೋಗಿದ್ರಂತೆ, ಅಷ್ಟು ದೊಡ್ಡ ಪೆಟ್ಟಿಗೇಲಿ ಏನು ತಂದ್ರಿ?" ಎಂದು ಕೇಳುತ್ತಿದ್ದರು. ಇಳಿದು ಹೋಗಿ ನಾನೇ ಏನಾದರೂ ಹೇಳಿ ಸಾಗಹಾಕಲೇ ಎಂದು ಅರ್ಧ ಎದ್ದೆ. ಬಸ್ಸು ಹೊರಟುಬಿಟ್ಟಿತು.

ತಿರುಗಿ ನೋಡಿದೆ. ಪಲ್ಲವಿ ರಸ್ತೆಯ ಬದಿಯಲ್ಲಿ ನಿಂತು, ಎರಡೂ ಕೈಗಳನ್ನು ಅಗಲಿಸಿ ಆ ಪೆಟ್ಟಿಗೆ ಎಷ್ಟು ದೊಡ್ಡದೆಂದು ಅವರಿಗೆ ತೋರಿಸುತ್ತಿದ್ದಳು.