ಕೇಳಿದರೆ ಬಿಡದ ದೊಡ್ಡಮ್ಮ

ಜೈಲಿನಿಂದ ಬಿಡುಗಡೆಯಾಗಿ ಬಂದವರನ್ನೇ ಹುಡುಕಿ ಕೆಲಸಕ್ಕಿಟ್ಟುಕೊಳ್ಳುವ ಹೊಲಿಗೆ ಅಂಗಡಿಯ ದೊಡ್ಡಮ್ಮನಿಗೆ ಬುದ್ಧಿ ಹೇಳದವರಿಲ್ಲ. "ಹಾವಿಗೆ ಹಾಲೆರೀತಿದ್ದೀರಿ" ಎಂದು ಪಕ್ಕದ ಇಸ್ತ್ರಿಯವನು ದಿನಾ ಎಚ್ಚರಿಸುತ್ತಿದ್ದ. "ನಮ್ಮ ಕಾಫಿಗೇ ಹಾಲು ಸಾಲಲ್ಲ, ಹಾವಿಗೆಲ್ಲಿಂದ ತರ್ಲಿ?" ಎಂದು ಆಕೆ ಮೆಷಿನ್ ತುಳಿಯುತ್ತಿದ್ದಳು.

ಈ ಸಲ ಜೈಲಿನಿಂದ ಬಂದ ಹೊಸಬನ ಹೊಲಿಗೆ ಗೆರೆ ಎಳೆದ ಹಾಗಿತ್ತು; ಒಳಗೆ ವರ್ಷಗಟ್ಟಲೆ ಕೈದಿಗಳ ಬಟ್ಟೆ ಹೊಲಿದ ಕೈ. ಕಾಟವೆಂದರೆ ಅವನ ಬಾಯಿ. ನೀರು ಕುಡಿಯಲಾ, ಫ್ಯಾನ್ ಹಾಕಲಾ, ಹಿತ್ತಲಿಗೆ ಹೋಗಿ ಬರಲಾ, ಎಲ್ಲಕ್ಕೂ ಎದ್ದು ನಿಂತು ಕೇಳುತ್ತಿದ್ದ. ಬಾಗಿಲು ಮುಚ್ಚಿದ್ದರಂತೂ, ಚಿಲಕ ಕೈಗೆಟುಕುವಂತಿದ್ದರೂ, ಯಾರಾದರೂ ತೆಗೆಯಲಿ ಎಂದು ಅದರೆದುರು ನಿಂತೇ ಇರುತ್ತಿದ್ದ. ಅವನಿಗೆ ಅಪ್ಪಣೆರಾಯ ಎಂದು ಹೆಸರಿಟ್ಟವಳು ದೊಡ್ಡಮ್ಮನೇ.

ಈ ಚಾಳಿ ಬಿಡಿಸಲು ಆಕೆ ಒಂದು ಹೂಟ ಹೂಡಿದಳು. ಕೇಳಿದ್ದಕ್ಕೆಲ್ಲ ಇಲ್ಲ ಎನ್ನುವುದು. ರೋಸಿಹೋಗಿ ತಾನೇ ಎದ್ದು ಹೋಗಲಿ ಎಂಬ ಲೆಕ್ಕ.

"ದೊಡ್ಡಮ್ಮ, ನೀರು ಕುಡೀಲಾ?"

"ಬೇಡ."

"ಸರಿ" ಎಂದು ಅವನು ಒಣಗಿದ ತುಟಿ ಸವರಿಕೊಂಡು ಕೂತ. ದೊಡ್ಡಮ್ಮ ಹಣೆ ಚಚ್ಚಿಕೊಂಡು ತಾನೇ ಲೋಟ ತಂದುಕೊಟ್ಟಳು.

ಒಂದು ದಿನ ಮೆಲ್ಲಗೆ ಕೇಳಿದ: "ಅಕ್ಕನ್ನ ನೋಡ್ಕೊಂಡು ಬರ್ಲಾ?"

ಇದ್ದೊಬ್ಬಳೇ ಅಕ್ಕ. ಮನೆ ಎರಡು ಬೀದಿ ಆಚೆ. ಬಾ ಎನ್ನುತ್ತಾಳೋ, ಮುಖದ ಮೇಲೆ ಬಾಗಿಲು ಹಾಕುತ್ತಾಳೋ ಎಂಬ ಅಳುಕಿಗೆ ಅವನಿನ್ನೂ ಅತ್ತ ತಲೆ ಹಾಕಿರಲಿಲ್ಲ. ದೊಡ್ಡಮ್ಮನ ನಾಲಿಗೆ ತುದಿಯಲ್ಲಿ "ಓಡು" ಇತ್ತು. ಆದರೆ ತಾನು ಕಳಿಸಿ ಅವನು ಹೋದರೆ ಅದೂ ಅಪ್ಪಣೆಯೇ ತಾನೆ? "ಇಲ್ಲ" ಎಂದುಬಿಟ್ಟಳು. ಅವನು ತಲೆ ತಗ್ಗಿಸಿ ಕಾಲರ್ ಹೊಲಿಯತೊಡಗಿದ. ನಾನೇ ಇನ್ನೊಂದು ಜೈಲಾದೆನಲ್ಲ ಎಂಬ ಸಂಕಟಕ್ಕೆ ಆಕೆಗೆ ಊಟ ಸೇರಲಿಲ್ಲ.

ಮರುದಿನ, ಹಟ ಸಾಕು, ಹೋಗಿ ಬಾ ಎಂದುಬಿಡೋಣ ಎಂದು ಊಟ ಮುಗಿಸಿ ಅಂಗಡಿಗೆ ಬಂದರೆ ಮೆಷಿನ್ ಮುಂದೆ ಯಾರೂ ಇಲ್ಲ. ಅರ್ಧ ಹೊಲಿದ ತೋಳು ಸೂಜಿಯಲ್ಲೇ ಸಿಕ್ಕಿಕೊಂಡಿತ್ತು.

"ಹಕ್ಕಿ ಹಾರಿಹೋಯ್ತು. ನಾ ಹೇಳ್ಲಿಲ್ವಾ?" ಎಂದ ಇಸ್ತ್ರಿಯವನು. ಖುಷಿಪಡಬೇಕೋ ಹೆದರಬೇಕೋ ತಿಳಿಯದೆ ದೊಡ್ಡಮ್ಮ ಹೊಲಿದ ಗುಂಡಿಯನ್ನೇ ಮತ್ತೆ ಮತ್ತೆ ಹೊಲಿದಳು.

ಸಂಜೆ ಚಿಲಕದ ಸದ್ದಾಯಿತು. ಅಪ್ಪಣೆರಾಯ ತಾನೇ ಬಾಗಿಲು ತೆಗೆದು ಒಳಬಂದ. ಹಿಂದೆ, ಅವನ ತೋಳು ಬಿಡದೆ ಹಿಡಿದುಕೊಂಡು, ಅತ್ತು ಕಣ್ಣು ಊದಿಸಿಕೊಂಡ ಅಕ್ಕ.

"ಹೇಳಿ ಹೋಗೋಕೆ ಏನೋ ಧಾಡಿ ನಿಂಗೆ?" ದೊಡ್ಡಮ್ಮ ಗದರಿದಳು.

"ಕೇಳಿದ್ರೆ ನೀವು ಬಿಡಲ್ವಲ್ಲ ದೊಡ್ಡಮ್ಮ" ಎಂದವನೇ ನೇರ ಹೂಜಿಯ ಹತ್ತಿರ ಹೋಗಿ, ನೀರು ಬಗ್ಗಿಸಿಕೊಂಡು ಗಟಗಟ ಕುಡಿದ.

ದೊಡ್ಡಮ್ಮನಿಗೆ ಸಂತೋಷಕ್ಕೆ ಅಳುವೇ ಬಂತು. ಸೆರಗಿನಲ್ಲಿ ಮೂಗು ಒರೆಸಿಕೊಂಡು ರೇಗಿದಳು:

"ಅಕ್ಕನಿಗೂ ಒಂದು ಲೋಟ ಕೊಡೋ! ಅದಕ್ಕೂ ನನ್ನ ಅಪ್ಪಣೆ ಬೇಕಾ?"